ಕಲ್ಲಚ್ಚು, ಮೊಳೆಯಚ್ಚು, ಇ-ಪುಸ್ತಕ

ಮಹಾಪೆ ಎಂದೊಡನೆ ನಮ್ಮ ಓದುಗರಲ್ಲಿ ಅನೇಕರಿಗೆ ನೆನಪಾಗುವುದು ನೌಕರಿ. ಕಲ್ಯಾಣ, ಡೊಂಬಿವಲಿಗಳಿಂದ ಶಿಳ್‌ಫಾಟಾ ಮಾರ್ಗವಾಗಿ ಬಸ್ಸಿನಲ್ಲಿ ಬರುವವರು, ಠಾಣೆಯಿಂದ ಲೋಕಲ್ ಹಿಡಿದು ಘಣಸೋಲಿಯಲ್ಲೋ ಕೋಪರ್‌ಖೈರಣೆಯಲ್ಲೋ ಇಳಿದು ರಿಕ್ಷಾದ ಸಾಲಿನಲ್ಲಿ ನಿಲ್ಲುವವರು, ಇವರ ನಡುವೆ ಬೆಳಗಿನ ಹೊತ್ತು ಕಿವಿಗೊಟ್ಟರೆ ಒಂದೆರಡು ಕನ್ನಡದ ಮಾತು, ಒಂದೆರಡು ತುಳುವಿನ ಮಾತು ಕೇಳಿಸದೆ ಇರದು. 1962ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಠಾಣೆ ಖಾರಿಯ ಈಚೆ ದಡದಲ್ಲಿ ಕೈಗಾರಿಕಾ ಪ್ರದೇಶವೊಂದನ್ನು ನಿರ್ಮಿಸಿದ ಮೇಲೆ ಪಾರ್ಸಿಕ್ ಗುಡ್ಡದ ಬದಿಯ ಈ ಹಳ್ಳಿಯ ಹೆಸರು ಊರೂರಿಗೆ ಪರಿಚಯವಾಯಿತು. ಮೊದಲು ಕಾರ್ಖಾನೆಗಳು ಬಂದವು; ಆಮೇಲೆ ಮಿಲೆನಿಯಂ ಬಿಸಿನೆಸ್ ಪಾರ್ಕಿನಂಥ ಗಣಕ ಉದ್ಯಮದ ಕಟ್ಟಡಗಳು ಬಂದವು. ಪುಸ್ತಕ ಮುದ್ರಣದಲ್ಲಿ ಹೆಸರಾದ ರೆಪ್ರೊ ಇಂಡಿಯಾ ಸಂಸ್ಥೆ ಮುದ್ರಣಾಲಯ ಕಟ್ಟಿದ್ದೂ ಇಲ್ಲಿಯೆ. ಹೀಗೆ ಕಾಗದದ ಪುಸ್ತಕ, ಕಾಗದವಿಲ್ಲದ ಪುಸ್ತಕ ಎರಡಕ್ಕೂ ಈ ಊರಿನ ಗಾಳಿ ತಾಗಿದೆ.

ಈ ಲೇಖನಕ್ಕೆ ಕಾರಣವಾದ ಪ್ರಸಂಗ ನಡೆದದ್ದೂ ಇಲ್ಲಿಯೆ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು 2003 ಮತ್ತು 2004ರಲ್ಲಿ ಈ ಮಾಸಿಕಕ್ಕೆ ತಮ್ಮ ಊರಿನ ನೆನಪುಗಳನ್ನು ಬರೆದುಕೊಟ್ಟಿದ್ದರು. ಅವರು ಈಗ ಇಲ್ಲ. ಅವರ ಮೊಮ್ಮಗಳು ಮಹಾಪೆಯ ಕಚೇರಿಯೊಂದರಲ್ಲಿ ಹೊರದೇಶದ ಪ್ರಕಾಶಕರಿಗಾಗಿ ಇ-ಪುಸ್ತಕಗಳನ್ನು ಸಿದ್ಧಪಡಿಸುವ ಕೆಲಸದಲ್ಲಿದ್ದಾಳೆ. ಕಳೆದ ಮಳೆಗಾಲದಲ್ಲಿ ಆಕೆ ನಮ್ಮಲ್ಲಿಗೆ ಬಂದು, "ಅಂಕಲ್, ಅಜ್ಜ ಬರೆದದ್ದರ ಫೈಲು ನಿಮ್ಮಲ್ಲಿ ಇದೆಯಾ? ಅಜ್ಜಿಗೆ ಇ-ರೀಡರಿನಲ್ಲಿ ಹಾಕಿಕೊಡಬೇಕು. ಪುಸ್ತಕದ ಅಕ್ಷರ ಅವರಿಗೆ ಈಗ ಕಾಣುವುದಿಲ್ಲ. ಅದರಲ್ಲಾದರೆ ಎಷ್ಟು ಬೇಕಾದರೂ ದೊಡ್ಡದು ಮಾಡಬಹುದು" ಎಂದಳು. ನಮಗೆ ಸಂತೋಷವೇ ಆಯಿತು. ಕಪಾಟಿನ ಮೂಲೆಯಿಂದ ಹಳೆಯ ಸಿ.ಡಿ. ಹುಡುಕಿ ಕೊಟ್ಟೆವು. ವಾರದ ಬಳಿಕ ಅವಳ ಫೋನು ಬಂತು. "ಅಂಕಲ್, ಇದರಲ್ಲಿ ಕನ್ನಡವೇ ಇಲ್ಲ!"

ಇಡೀ ಎರಡು ವರ್ಷದ ಲೇಖನಮಾಲೆ, ನಾವೇ ಕರಡು ತಿದ್ದಿದ್ದು, ನಾವೇ ಅಚ್ಚು ಹಾಕಿಸಿದ್ದು. ಅದರಲ್ಲಿ ಕನ್ನಡ ಇಲ್ಲವೆಂದರೆ ಏನರ್ಥ? ಇದನ್ನು ತಿಳಿಯಲು ಹೊರಟಾಗ ಕನ್ನಡದ ಅಕ್ಷರಗಳು ಯಂತ್ರಗಳೊಡನೆ ಎರಡು ಶತಮಾನ ನಡೆಸಿದ ಹೋರಾಟದ ಚರಿತ್ರೆಯೇ ನಮ್ಮ ಮುಂದೆ ಬಿಚ್ಚಿಕೊಂಡಿತು. ಅದನ್ನು ಓದುಗರಿಗೆ ಒಪ್ಪಿಸುವುದು ಉಚಿತವೆಂದು ತೋರಿತು.

ಕಲ್ಲು ಮತ್ತು ಮೊಳೆ

ಕನ್ನಡ ಮುದ್ರಣದ ಮಾತು ಬಂದಾಗ ಮೊದಲು ಹೆಸರಿಸಬೇಕಾದದ್ದು ದೂರದ ಬಂಗಾಳವನ್ನು. ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾಯಿತು. ನಮ್ಮ ಕರಾವಳಿಗೆ ಮುದ್ರಣಯಂತ್ರ ಬಂದದ್ದು ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಮುದ್ರಣಾಲಯದೊಂದಿಗೆ. ಅದು ಕಲ್ಲಚ್ಚಿನ ಯಂತ್ರ. ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಹೊರಡಿಸಿದ 'ಮಂಗಳೂರ ಸಮಾಚಾರ', ಅಂದರೆ ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದು ಈ ಕಲ್ಲಚ್ಚಿನಲ್ಲಿ.

ಕಲ್ಲಚ್ಚೆಂದರೆ ಕೈಬರಹದ ಅಚ್ಚು. ಜಿಡ್ಡಿನ ಮಸಿಯಲ್ಲಿ ಬರೆದದ್ದು ಕಲ್ಲಿನ ಮೇಲೆ ನಿಲ್ಲುತ್ತದೆ; ಕಲ್ಲಿಗೆ ನೀರು ಸವರಿ ಮಸಿ ಹಚ್ಚಿದರೆ ಬರಹಕ್ಕೆ ಮಾತ್ರ ಮಸಿ ಹಿಡಿಯುತ್ತದೆ. ಬರೆಯುವವನ ಕೈಗೆ ಒತ್ತಕ್ಷರ ಕಷ್ಟವಲ್ಲ, ಕೊಂಬು ಕಷ್ಟವಲ್ಲ, ಅರ್ಕಾವೊತ್ತು ಕಷ್ಟವಲ್ಲ. ಕಲ್ಲಿಗೆ ಕನ್ನಡ ಗೊತ್ತಿರಬೇಕಾಗಿಲ್ಲ. ಅದು ಪುಟವನ್ನು ಚಿತ್ರವೆಂದು ಭಾವಿಸುತ್ತದೆ. ಆದರೆ ಒಮ್ಮೆ ಬರೆದದ್ದು ಬರೆದದ್ದೆ. ಒಂದು ಸಾಲು ಸೇರಿಸಬೇಕಾದರೆ, ಅಕ್ಷರ ದೊಡ್ಡದು ಮಾಡಬೇಕಾದರೆ, ಪುಟವನ್ನೇ ಮತ್ತೆ ಬರೆಯಬೇಕು.

ಮರುವರ್ಷವೆ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು; ಅಲ್ಲಿ ಮೊಳೆಯಚ್ಚಿನ ಅನುಕೂಲವಿತ್ತು. ಮೊಳೆಯಚ್ಚಿನ ರೀತಿಯೇ ಬೇರೆ. ಅಲ್ಲಿ ಪುಟವೆಂಬುದು ಚಿತ್ರವಲ್ಲ, ಬಿಡಿ ಬಿಡಿ ಸೀಸದ ಅಕ್ಷರಗಳ ಜೋಡಣೆ. ಬಿಚ್ಚಬಹುದು, ತಿದ್ದಬಹುದು, ಬೇರೆ ಅಳತೆಯಲ್ಲಿ ಮತ್ತೆ ಜೋಡಿಸಬಹುದು. ಆದರೆ ಜೋಡಿಸುವವನಿಗೆ ಕನ್ನಡ ಗೊತ್ತಿರಬೇಕು! 'ಕ'ಕ್ಕೆ 'ಷ' ಒತ್ತು ಕೊಟ್ಟರೆ ಯಾವ ಮೊಳೆ, 'ನ'ಕ್ಕೆ 'ನ' ಒತ್ತು ಎಲ್ಲಿ ಕೂರಬೇಕು, ಇವೆಲ್ಲ ಅವನ ಬೆರಳಿನ ತುದಿಯಲ್ಲಿರಬೇಕು. ವ್ಯಂಜನಕ್ಕೊಂದು ಕಾಗುಣಿತ, ಕಾಗುಣಿತದ ಮೇಲೊಂದು ಒತ್ತು ಎಂದು ಎಣಿಸಿದರೆ ನೂರಾರು ಮೊಳೆಗಳ ಪೆಟ್ಟಿಗೆ ಅವನ ಮುಂದೆ ಇರುತ್ತಿತ್ತು. ಫರ್ಡಿನೆಂಡ್ ಕಿಟ್ಟೆಲ್ ಅವರ ಮಹಾ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂದಾಗ ಅದರ ಹಿಂದೆ ಕಿಟ್ಟೆಲ್ಲರ ವಿದ್ವತ್ತಿನ ಜತೆಗೆ ಹೆಸರಿಲ್ಲದ ಈ ಮೊಳೆ ಜೋಡಿಸುವವರ ಬೆರಳುಗಳೂ ಇದ್ದವೆಂಬುದನ್ನು ನಾವು ಮರೆಯಬಾರದು.

ಕಲ್ಲು, ಮೊಳೆ ಈ ಎರಡು ಪದ್ಧತಿಗಳನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ. ಇ-ಪುಸ್ತಕದ ಲೋಕವೂ ಇಂದು ಈ ಎರಡಾಗಿಯೇ ಒಡೆದುಕೊಂಡಿದೆ.

ವೇಷ ಕಳಚಿದ ಅಕ್ಷರ

ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ನಾವು ಒತ್ತಿದ ಪ್ರತಿ ಅಕ್ಷರವನ್ನೂ ಅದು ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ತೋರಿಸುವಾಗ ಆ ಸಂಖ್ಯೆಗೆ ಗೊತ್ತುಪಡಿಸಿದ ಆಕಾರವನ್ನು 'ಫಾಂಟ್' ಎಂಬ ಆಕಾರಗಳ ಪೆಟ್ಟಿಗೆಯಿಂದ ಎತ್ತಿ ತೆರೆಯ ಮೇಲಿಡುತ್ತದೆ. ಹಳೆಯ ಪದ್ಧತಿಯಲ್ಲಿ ಈ ಪೆಟ್ಟಿಗೆಗೆ ಹೆಚ್ಚೆಂದರೆ 256 ಮನೆಗಳು. ಅವು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಹಂಚಿಹೋಗಿದ್ದವು. ಕನ್ನಡಕ್ಕೆ ಮನೆಯಿಲ್ಲ.

ನಮ್ಮವರು ಕೈಕಟ್ಟಿ ಕೂರಲಿಲ್ಲ. ಅವರಲ್ಲಿ ಮುಂಬಯಿಯ ನಂಟುಳ್ಳವರೇ ಕೆಲವರಿದ್ದರೆಂಬುದು ನಮಗೆ ಹೆಮ್ಮೆಯ ವಿಷಯ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಮುಂಬಯಿಯ ಟಾಟಾ ಪ್ರೆಸ್ಸಿನಲ್ಲೂ ಬಳಿಕ ಮೊನೊಟೈಪ್ ಸಂಸ್ಥೆಯಲ್ಲೂ ದುಡಿದು ಭಾರತೀಯ ಲಿಪಿಗಳ ಗಣಕ ಜೋಡಣೆಗೆ ದಾರಿ ಮಾಡಿದವರು. ಇಂಗ್ಲಿಷಿನ 26 ಕೀಲಿಗಳಲ್ಲೇ ಧ್ವನಿಗೆ ತಕ್ಕಂತೆ ಕನ್ನಡ ಬರೆಯುವ ಅವರ ಕೀಲಿಮಣೆ ಇಂದಿಗೂ ಸಾವಿರಾರು ಬೆರಳುಗಳಿಗೆ ರೂಢಿ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಈ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಮನೆಮನೆಯಲ್ಲಿ, ಸಂಘಸಂಘದಲ್ಲಿ ಕನ್ನಡ ಟೈಪು ಮಾಡುವುದು ಸಾಧ್ಯವಾಯಿತು. ಇವರೆಲ್ಲರ ಉಪಕಾರ ದೊಡ್ಡದು.

ಆ ಕಾಲದ ಫಾಂಟುಗಳೆಲ್ಲ ಅನುಸರಿಸಿದ ಉಪಾಯ ಒಂದೆ: ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಆಕಾರವನ್ನು ಇಟ್ಟುಬಿಡುವುದು. ಕಣ್ಣಿಗೆ ಕನ್ನಡ, ಕಡತದ ಒಳಗೆ ಇಂಗ್ಲಿಷ್. ಯಾವ ಮನೆಯಲ್ಲಿ ಯಾವ ಆಕಾರವೆಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ನಮ್ಮ ಸಿ.ಡಿ.ಯಲ್ಲಿ 'ಕನ್ನಡ' ಎಂದಿದ್ದ ಕಡೆ ಆ ಹುಡುಗಿಗೆ ಕಂಡದ್ದು ಹೀಗೆ: ಇಂಗ್ಲಿಷಿನ ಒಂದು 'ಪಿ', ತಲೆಯ ಮೇಲೆ ಗೀರುಳ್ಳ ಒಂದು 'ಎ', ಬ್ರಿಟಿಷರ ಪೌಂಡ್ ಹಣದ ಗುರುತು, ಮತ್ತೆ ಗೀರಿನ 'ಎ', ಜರ್ಮನರ ಎರಡು 'ಎಸ್' ಕೂಡಿದ ಅಕ್ಷರ, ಒಂದು 'ಕ್ಯೂ', ಮತ್ತೊಮ್ಮೆ ಗೀರಿನ 'ಎ'. ಇದು ನಮ್ಮ ತಾಯ್ನುಡಿಯ ಹೆಸರು!

ಯಕ್ಷಗಾನ ನೋಡಿದವರಿಗೆ ಇದು ಬೇಗ ಅರ್ಥವಾದೀತು. ರಂಗಸ್ಥಳದಲ್ಲಿ ಕಂಡದ್ದು ಕರ್ಣ. ಚೌಕಿಗೆ ಹೋಗಿ ಬಣ್ಣ ತೊಳೆದ ಮೇಲೆ ಅಲ್ಲಿರುವುದು ಬೇರೆಯೇ ಮುಖ. ಫಾಂಟು ಆ ಬಣ್ಣ. ಅದೇ ಫಾಂಟು ಇರುವ ಅದೇ ಯಂತ್ರದಲ್ಲಿ ತೆರೆದರೆ ಕನ್ನಡ. ಬೇರೆಡೆ ಒಯ್ದರೆ ಬಣ್ಣ ತೊಳೆದ ಮುಖ. ಇ-ರೀಡರಿಗೆ ನಮ್ಮ ಆ ಹಳೆಯ ಫಾಂಟಿನ ಪರಿಚಯವೆಲ್ಲಿ? ಅದು ಇದ್ದದ್ದನ್ನು ಇದ್ದ ಹಾಗೆ ತೋರಿಸಿತು. ಕಾಗದದಲ್ಲಿ ಅಚ್ಚಾಗುವ ತನಕ ಈ ಉಪಾಯದಿಂದ ಯಾವ ನಷ್ಟವೂ ಕಾಣಲಿಲ್ಲ. ಕಾಗದ ಬಿಟ್ಟು ಹೊರಟ ದಿನವೆ ಸಾಲ ತೀರಿಸಬೇಕಾಗಿ ಬಂತು.

ಐದು ಸಂಖ್ಯೆಗಳ ಕನ್ನಡ

ಇದಕ್ಕೆ ಪರಿಹಾರ ಹಿಂದೆಯೇ ಹುಟ್ಟಿತ್ತು. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ 'ಇಸ್ಕಿ' ಎಂಬ ಸಂಕೇತಪದ್ಧತಿಯನ್ನು ಅಂಗೀಕರಿಸಿತು. ಆಕಾರಕ್ಕಲ್ಲ, ವರ್ಣಮಾಲೆಯ ಅಕ್ಷರಕ್ಕೆ ಸಂಖ್ಯೆ ಕೊಡಬೇಕೆಂಬುದು ಅದರ ತತ್ತ್ವ. ಅದೇ ವರ್ಷ ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿಯಲ್ಲಿ ಸ್ಥಾನ ಕೊಡುವ 'ಯೂನಿಕೋಡ್' ಮೊದಲ ಆವೃತ್ತಿ ಬಂತು. ಅದರಲ್ಲಿ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿ ದೊರೆಯಿತು. 'ಕ'ದ ಸಂಖ್ಯೆ 3221. ಅದು ಮಹಾಪೆಯಲ್ಲೂ 3221, ಮೈಸೂರಿನಲ್ಲೂ 3221, ಅಮೆರಿಕದಲ್ಲೂ 3221.

ಈ ಪಟ್ಟಿಯಲ್ಲೂ ಎಡವಟ್ಟುಗಳಿಲ್ಲದಿಲ್ಲ. ಹಳಗನ್ನಡದ ೞ ಅಕ್ಷರಕ್ಕೆ ಅಲ್ಲಿ ತಪ್ಪಾಗಿ 'ಫ' ಎಂಬ ಧ್ವನಿಯ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಯೂನಿಕೋಡಿನ ನಿಯಮವಾದ್ದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರು ಪಕ್ಕದಲ್ಲಿ ಅಡ್ಡಹೆಸರಾಗಿ ನಿಂತಿದೆ. ಊರಿನ ದಾಖಲೆಯಲ್ಲಿ ಹೆಸರು ತಪ್ಪಿ ಬಿದ್ದವರ ಪಾಡು ಪಂಪನ ಕಾಲದ ಅಕ್ಷರಕ್ಕೂ ಬಂದಿತಲ್ಲ ಎಂದು ನಗು ಬರುತ್ತದೆ. ಅದೃಷ್ಟವಶಾತ್ ಸಂಖ್ಯೆ ಸರಿಯಿದೆ; ಓದಿಗೆ ತೊಂದರೆಯಿಲ್ಲ.

ಯೂನಿಕೋಡಿನಲ್ಲಿ 'ಕನ್ನಡ' ಎಂಬುದು ಐದು ಸಂಖ್ಯೆಗಳು: 3221, 3240, 3277, 3240, 3233. ಅಂದರೆ ಕ, ನ, ಅರ್ಧಗೊಳಿಸುವ ಗುರುತು, ಮತ್ತೆ ನ, ಡ. 'ನ್ನ' ಎಂಬುದಕ್ಕೆ ಬೇರೆ ಸಂಖ್ಯೆಯಿಲ್ಲ ಎಂಬುದನ್ನು ಗಮನಿಸಬೇಕು. ಎರಡನೆಯ 'ನ'ವನ್ನು ಕುಗ್ಗಿಸಿ ಮೊದಲನೆಯದರ ಕೆಳಗೆ ಇಡುವ ಕೆಲಸ ತೋರಿಸುವ ಯಂತ್ರದ್ದು. 'ಸೂರ್ಯ' ಎಂಬಲ್ಲಿ ಕಡತದಲ್ಲಿ 'ರ' ಮೊದಲು, 'ಯ' ಆಮೇಲೆ. ಕಣ್ಣಿಗೆ 'ಯ' ಮೊದಲು, ಅರ್ಕಾವೊತ್ತು ಆಮೇಲೆ. ಈ ಹಿಂದುಮುಂದು ಮಾಡುವುದೂ ಯಂತ್ರವೇ. 'ರ‍್ಯಾಂಕ್' ಎಂದು ಬರೆಯುವಾಗ ಅರ್ಕಾವೊತ್ತು ಬೇಡವೆಂದು ಹೇಳಲು ಕಣ್ಣಿಗೆ ಕಾಣದ ಒಂದು ಜೋಡಕ ಗುರುತನ್ನು ನಡುವೆ ಸೇರಿಸಬೇಕು.

ನಮ್ಮ ಹಳೆಯ ಮೊಳೆ ಜೋಡಿಸುವವನ ಕೆಲಸವಲ್ಲವೆ ಇದು? ಅವನ ಬೆರಳಿನ ವಿದ್ಯೆಯನ್ನು ಈಗ ಒಂದು ಪುಟ್ಟ ತಂತ್ರಾಂಶ ಕಲಿಯಬೇಕಾಯಿತು. ಯಾವ ಅಕ್ಷರಗಳು ಕೂಡಿದರೆ ಯಾವ ಆಕಾರವೆಂಬ ನಿಯಮಗಳನ್ನು ಫಾಂಟಿನೊಳಗೇ ಅಡಕ ಮಾಡುವ 'ಓಪನ್‌ಟೈಪ್' ವಿಧಾನವನ್ನು ಮೈಕ್ರೋಸಾಫ್ಟ್ ಮತ್ತು ಅಡೋಬಿ ಸಂಸ್ಥೆಗಳು ಕಳೆದ ಶತಮಾನದ ಕೊನೆಯಲ್ಲಿ ರೂಪಿಸಿದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟು ಬಂತು. ಅದು ಸಿದ್ಧವಾದದ್ದು ಮುಂಬಯಿಯ ಅಕ್ಷರ ವಿನ್ಯಾಸಕ ರಘುನಾಥ ಜೋಶಿಯವರ ಮಾರ್ಗದರ್ಶನದಲ್ಲಿ. ನಮ್ಮ ನದಿಯ ಹೆಸರಿನ ಅಕ್ಷರಗಳಿಗೆ ಮರಾಠಿ ಕಲಾವಿದರೊಬ್ಬರು ದಾರಿ ತೋರಿದರೆಂಬುದನ್ನು ಈ ನಗರದ ಕನ್ನಡಿಗರು ಕೃತಜ್ಞತೆಯಿಂದ ನೆನೆಯಬೇಕು. ಬಳಿಕ 'ಹಾರ್ಫ್‌ಬಜ್' ಎಂಬ ಮುಕ್ತ ತಂತ್ರಾಂಶ ಇದೇ ಜೋಡಣೆಯ ಕೆಲಸವನ್ನು ಆಂಡ್ರಾಯ್ಡ್ ಫೋನುಗಳಿಗೆ ತಂದಿತು. ಇಂದು ಫೋನಿನಲ್ಲಿ ಕನ್ನಡ ಸಲೀಸಾಗಿ ಕಾಣುವುದರ ಹಿಂದೆ ಇರುವುದು ಈ ಕಾಣದ ಕಂಪಾಸಿಟರ್.

ಕಡತದ ಮೂರು ಜಾತಿ

ಈಗ ಇ-ರೀಡರಿಗೆ ಬರೋಣ. ಇದರ ತೆರೆ ಫೋನಿನ ತೆರೆಯಂತಲ್ಲ. ಕೂದಲೆಳೆಯಷ್ಟು ಸಣ್ಣ ಗುಳಿಗೆಗಳೊಳಗೆ ಕಪ್ಪು, ಬಿಳಿ ಕಣಗಳಿರುತ್ತವೆ. ವಿದ್ಯುತ್ತಿನ ಸೂಚನೆಯಂತೆ ಒಂದು ಬಣ್ಣದವು ಮೇಲೇಳುತ್ತವೆ. ಪುಟ ತಿರುಗಿಸುವಾಗಷ್ಟೆ ಕಣಗಳು ಕದಲುವುದರಿಂದ ವಿದ್ಯುತ್ತಿನ ಖರ್ಚು ಕಡಿಮೆ, ಕಣ್ಣಿಗೂ ಕಾಗದದಷ್ಟೆ ಹಿತ. ಈ ಬಗೆಯ ತೆರೆಯ ಓದುಯಂತ್ರವನ್ನು ಸೋನಿ ಸಂಸ್ಥೆ 2004ರಲ್ಲಿ ಜಪಾನಿನಲ್ಲಿ ಮಾರಿತು. 2007ರ ನವೆಂಬರಿನಲ್ಲಿ ಅಮೆಜಾನಿನ 'ಕಿಂಡಲ್' ಬಂದ ಮೇಲೆ ಅದು ಲೋಕಪ್ರಸಿದ್ಧವಾಯಿತು. ಆದರೆ ಒಂದೇ ಪುಸ್ತಕ ಒಂದು ಯಂತ್ರದಲ್ಲಿ ಸೊಗಸಾಗಿಯೂ ಇನ್ನೊಂದರಲ್ಲಿ ವಿಕಾರವಾಗಿಯೂ ಕಾಣುವುದೇಕೆ? ಉತ್ತರ ಕಡತದ ಜಾತಿಯಲ್ಲಿದೆ.

ಮೊದಲನೆಯದು ಪಿ.ಡಿ.ಎಫ್. ಅಡೋಬಿ ಸಂಸ್ಥೆ 1993ರಲ್ಲಿ ತಂದ ಇದು 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಇದು ನಮ್ಮ ಕಲ್ಲಚ್ಚು. ಯಾವ ಆಕಾರ ಪುಟದ ಯಾವ ಜಾಗದಲ್ಲಿ ಕೂರಬೇಕೆಂಬುದು ಮೊದಲೇ ನಿಗದಿ. ಫಾಂಟೂ ಒಳಗೇ ಅಡಕವಾಗಿದ್ದರೆ ಯಂತ್ರಕ್ಕೆ ಕನ್ನಡ ಬಾರದಿದ್ದರೂ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಆದರೆ ಆರು ಅಂಗುಲದ ತೆರೆಯ ಮೇಲೆ ದೊಡ್ಡ ಪುಟವನ್ನಿಟ್ಟರೆ ಅಕ್ಷರ ಇರುವೆಯ ಸಾಲಾಗುತ್ತದೆ. ಹಿಗ್ಗಿಸಿದರೆ ಸಾಲಿನ ತುದಿ ತೆರೆಯಾಚೆ ಹೋಗಿ, ಓದುವವರು ಬೆರಳಿನಿಂದ ಎಡಬಲ ಎಳೆಯುತ್ತಿರಬೇಕು. ಎಂಬತ್ತು ದಾಟಿದ ಅಜ್ಜಿಗೆ ಇದು ಆಗುವ ಕೆಲಸವೆ?

ಎರಡನೆಯದು ಇಪಬ್. 1999ರಲ್ಲಿ ಆರಂಭವಾದ ಮುಕ್ತ ಇ-ಪುಸ್ತಕ ಪದ್ಧತಿಯೊಂದು 2007ರಲ್ಲಿ ಈ ಹೆಸರು ಪಡೆಯಿತು. 2011ರಲ್ಲಿ ಅದರ ಮೂರನೆಯ ಆವೃತ್ತಿ ಬಂತು. 2017ರಿಂದ ಅಂತರಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಒಕ್ಕೂಟ ಇದರ ಹೊಣೆ ಹೊತ್ತಿದೆ. ಇದು ಮೊಳೆಯಚ್ಚು. ಇಪಬ್ ಎಂದರೆ ನಿಜಕ್ಕೂ ಒಂದು ಗಂಟು. ಒಳಗೆ ಅಧ್ಯಾಯಗಳ ಪಠ್ಯ, ಶೀರ್ಷಿಕೆ ಹೇಗೆ, ಅಂಚು ಎಷ್ಟು ಎಂಬ ವಿನ್ಯಾಸದ ಸೂಚನೆ, ಚಿತ್ರಗಳು, ಬೇಕಾದರೆ ಫಾಂಟು, ಇವೆಲ್ಲ ಯಾವ ಕ್ರಮದಲ್ಲಿ ಬರಬೇಕೆಂಬ ಪಟ್ಟಿ ಇರುತ್ತವೆ. ಇ-ರೀಡರ್ ಗಂಟು ಬಿಚ್ಚುತ್ತದೆ, ಪಟ್ಟಿ ನೋಡುತ್ತದೆ, ಅಧ್ಯಾಯವನ್ನು ಎತ್ತಿಕೊಳ್ಳುತ್ತದೆ. ಓದುವವರು ಎಷ್ಟು ದೊಡ್ಡ ಅಕ್ಷರ ಬೇಕೆಂದರೋ ಆ ಅಳತೆಯಲ್ಲಿ ಅಕ್ಷರ ಜೋಡಿಸಿ, ಸಾಲು ಮುರಿದು, ಪುಟ ಕಟ್ಟುತ್ತದೆ. ಪುಟ ಮೊದಲೇ ಇರುವುದಿಲ್ಲ. ಓದುವವರ ಕೈಯಲ್ಲಿ ಆಗಿಂದಾಗ ಹುಟ್ಟುತ್ತದೆ. ಆದಕಾರಣ "37ನೆಯ ಪುಟ ನೋಡಿ" ಎಂಬ ಮಾತಿಗೆ ಅಲ್ಲಿ ನೆಲೆಯಿಲ್ಲ. ಕನ್ನಡದ ಉದ್ದುದ್ದ ಪದಗಳನ್ನು ಸಾಲಿನ ಕೊನೆಯಲ್ಲಿ ಒಡೆಯಲು ಬಾರದ ಯಂತ್ರ ಪದಗಳ ನಡುವೆ ಹಳ್ಳದಂಥ ಬಿಳಿ ಜಾಗ ಬಿಡುವುದೂ ಉಂಟು.

ಮೂರನೆಯದು ಮೋಬಿ ಮತ್ತು ಅದರ ವಂಶ. 2000ದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಮೋಬಿಪಾಕೆಟ್ ಸಂಸ್ಥೆಯನ್ನು 2005ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಇದೂ ಮೊಳೆಯಚ್ಚೇ. ಆದರೆ ಹಳೆಯ ಮೋಬಿಯಲ್ಲಿ ಫಾಂಟನ್ನು ಜತೆಗೆ ಕಳುಹಿಸುವ ಅವಕಾಶವಿರಲಿಲ್ಲ. ಯಂತ್ರದಲ್ಲಿ ಇದ್ದ ಫಾಂಟೇ ಗತಿ. 2011ರಲ್ಲಿ ಬಂದ ಹೊಸ ರೂಪದಲ್ಲಿ ಈ ಕೊರತೆ ನೀಗಿತು. 2022ರಲ್ಲಿ ಇಪಬ್ ಕಡತಗಳನ್ನೂ ಕಿಂಡಲಿಗೆ ಕಳುಹಿಸಲು ಅಮೆಜಾನ್ ಅವಕಾಶ ಕೊಟ್ಟಿತು; ಅದು ದಾರಿಯಲ್ಲಿ ತನ್ನ ರೂಪಕ್ಕೆ ಪರಿವರ್ತಿಸಿಕೊಳ್ಳುತ್ತದೆ.

ಹೀಗೆ ಮೊಳೆಯಚ್ಚಿನ ಕಡತದಲ್ಲಿ ಕನ್ನಡ ಸರಿಯಾಗಿ ಕಾಣಬೇಕಾದರೆ ಮೂರು ಕೂಡಿಬರಬೇಕು: ಸಂಖ್ಯೆ ಸರಿಯಿರಬೇಕು, ಫಾಂಟು ಇರಬೇಕು, ಜೋಡಿಸುವ ತಂತ್ರಾಂಶಕ್ಕೆ ಕನ್ನಡ ಬರಬೇಕು. ಯಾವುದು ತಪ್ಪಿತೆಂಬುದನ್ನು ಓದುಗರು ತಾವೇ ಗುರುತಿಸಬಹುದು. ಸಾಲು ಸಾಲು ಖಾಲಿ ಚೌಕಗಳು ಕಂಡರೆ ಫಾಂಟಿಲ್ಲವೆಂದು ಅರ್ಥ. ಈ ಚೌಕಗಳಿಗೆ ಅಕ್ಷರ ವಿನ್ಯಾಸಕರು 'ತೋಫು' ಎನ್ನುತ್ತಾರೆ, ಸೋಯಾ ಪನೀರಿನ ತುಂಡಿನಂತೆ ಕಾಣುವುದರಿಂದ. ತೋಫು ಎಲ್ಲೂ ಕಾಣಬಾರದೆಂದು ಗೂಗಲ್ ಮಾಡಿಸಿದ ಉಚಿತ ಫಾಂಟುಗಳ ಹೆಸರು 'ನೋಟೊ', ಎಂದರೆ 'ನೋ ತೋಫು'. ಅದರಲ್ಲಿ ಕನ್ನಡವೂ ಇದೆ. ಅಕ್ಷರಗಳು ಕನ್ನಡವೇ ಆಗಿದ್ದು ಒತ್ತುಗಳು ಮಾತ್ರ ಬಿಚ್ಚಿಕೊಂಡು 'ಕನ್‌ನಡ' ಎಂದಾಗಿದ್ದರೆ ಜೋಡಿಸುವವನಿಗೆ ಕನ್ನಡ ಬಾರದು. ಇಂಗ್ಲಿಷಿನ ಗೊಂಚಲು ಕಂಡರೆ ಸಂಖ್ಯೆಯೇ ಹಳೆಯದು. ನಮ್ಮದು ಈ ಮೂರನೆಯ ಕಾಯಿಲೆ.

ನೆರೆಮನೆಯ ದೀಪ

2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲಿಗೆ ಐದು ಭಾರತೀಯ ಭಾಷೆಗಳ ಇ-ಪುಸ್ತಕಗಳನ್ನು ಘೋಷಿಸಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಮುಂಬಯಿಯ ಚಾಳಿನಲ್ಲಾಗಲಿ ಕಟ್ಟಡದಲ್ಲಾಗಲಿ ನಮ್ಮ ಎಡಬಲದ ಬಾಗಿಲುಗಳು ಈ ಐದು ಭಾಷೆಗಳವೇ. ನೆರೆಮನೆಯಲ್ಲೆಲ್ಲ ದೀಪ ಹತ್ತಿ ನಮ್ಮ ಮನೆಯಲ್ಲಿ ಮಾತ್ರ ಕತ್ತಲೆಯಾದರೆ ಆಗುವ ಸಂಕೋಚ ಅಂದು ಅನೇಕ ಕನ್ನಡಿಗರಿಗೆ ಆಯಿತು.

ಆದರೆ ದೂರುವ ಮೊದಲು ನಮ್ಮ ಕೈಯನ್ನೂ ನೋಡಿಕೊಳ್ಳಬೇಕು. ವ್ಯಾಪಾರಿಗೆ ಬೇಕಾದದ್ದು ಸರಕು. ಯೂನಿಕೋಡಿನಲ್ಲಿ ಸಿದ್ಧವಾಗಿರುವ, ಕರಡು ತಿದ್ದಿದ, ಗಂಟು ಕಟ್ಟಿ ಕೊಡಬಹುದಾದ ಪುಸ್ತಕಗಳು ನಮ್ಮಲ್ಲಿ ಎಷ್ಟಿದ್ದವು? ಅಚ್ಚಿನ ಮನೆಗೆ ಹೋಗುವ ಕಡತ ಹಳೆಯ ಫಾಂಟಿನದು, ಅಚ್ಚಾದ ಮೇಲೆ ಆ ಕಡತದ ಯೋಚನೆ ಯಾರಿಗೂ ಇಲ್ಲ. ನಮ್ಮ ಮಾಸಿಕವೇ ಇದಕ್ಕೆ ಸಾಕ್ಷಿ. ಅಚ್ಚಾದ ಪ್ರತಿ ಗೆದ್ದಲು ತಿಂದರೆ ದುಃಖಪಡುವ ನಾವು, ಗೆದ್ದಲಿಲ್ಲದೆಯೂ ಕಡತ ಸಾಯುತ್ತದೆಂಬುದನ್ನು ಅರಿಯಲಿಲ್ಲ.

ಇರಲಿ, ಮಹಾಪೆಯ ಕಥೆ ಮುಗಿಸೋಣ. ಆ ಹುಡುಗಿ ಸೋಲೊಪ್ಪಲಿಲ್ಲ. ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕ ತಂತ್ರಾಂಶಗಳುಂಟು. ಅದರಲ್ಲಿ ಹಾಕಿದೊಡನೆ ಸುಮಾರಾಗಿ ಕನ್ನಡ ಕಾಣಿಸಿಕೊಂಡಿತು. ಆದರೆ 'ಸುಮಾರಾಗಿ' ಅಷ್ಟೆ. ಕೆಲವೆಡೆ ಅರ್ಕಾವೊತ್ತು ಹಿಂದಿನ ಅಕ್ಷರಕ್ಕೆ ಹಾರಿತ್ತು. ಎರಡು ಒತ್ತುಗಳಿರುವಲ್ಲಿ ಒಂದು ಮಾಯವಾಗಿತ್ತು. ಲೇಖನದ ನಡುವೆ ಬಂದಿದ್ದ ಇಂಗ್ಲಿಷ್ ಹೆಸರುಗಳು ಕನ್ನಡವೆಂದು ಭ್ರಮಿಸಿ ಅರ್ಥವಿಲ್ಲದ ಅಕ್ಷರಗಳಾಗಿದ್ದವು. ಆಕೆ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು, ಕನ್ನಡವನ್ನು ಕೂಡಿಸಿ ಕೂಡಿಸಿ ಓದುವವಳು. ತಪ್ಪು ಹುಡುಕುವುದು ಅವಳೊಬ್ಬಳಿಂದ ಆಗುವಂತಿರಲಿಲ್ಲ. ನಾಲ್ಕು ಭಾನುವಾರ ನಾವು ಅಚ್ಚಿನ ಪ್ರತಿ ಹಿಡಿದು ಓದಿದೆವು, ಆಕೆ ತಿದ್ದಿದಳು. ಕೊನೆಗೆ ಉಚಿತ ಫಾಂಟೊಂದನ್ನು ಒಳಗಿಟ್ಟು ಇಪಬ್ ಕಟ್ಟಿದಳು. ಎರಡು ಯಂತ್ರಗಳಲ್ಲಿ ತೆರೆದು ನೋಡಿದೆವು. ಒಂದರಲ್ಲಿ ಒತ್ತುಗಳು ಬಿಚ್ಚಿಕೊಂಡವು. ಇನ್ನೊಂದರಲ್ಲಿ ಅಜ್ಜನ ಕನ್ನಡ ಅಜ್ಜನ ಕನ್ನಡವಾಗಿಯೇ ಕಂಡಿತು. ಆ ಎರಡನೆಯದನ್ನು ಅಜ್ಜಿಗೆ ಕೊಟ್ಟಳು.

ಅಜ್ಜಿ ಓದಿದರು. ಒಂದು ಪುಟಕ್ಕೆ ಹತ್ತೋ ಹನ್ನೆರಡೋ ಪದ, ಅಷ್ಟು ದೊಡ್ಡ ಅಕ್ಷರ. ಮೂರನೆಯ ದಿನ ನಮಗೆ ಕರೆ ಬಂತು. ಒಂದು ಕಡೆ ಊರಿನ ಹೊಳೆಯ ಹೆಸರು ತಪ್ಪಾಗಿದೆ ಎಂದರು. ನಾವು ಗಾಬರಿಯಿಂದ 2003ರ ಸಂಚಿಕೆ ತೆಗೆದು ನೋಡಿದರೆ ತಪ್ಪು ಅಲ್ಲಿಯೇ ಇತ್ತು! "ಹೌದು, ಆಗಲೇ ತಪ್ಪಿತ್ತು. ಅವರು ನಿಮ್ಮನ್ನು ಎರಡು ದಿನ ಬೈದಿದ್ದರು" ಎಂದು ಅಜ್ಜಿ ನಕ್ಕರು. ಇಪ್ಪತ್ತು ವರ್ಷಗಳ ಬಳಿಕ ಆ ತಪ್ಪನ್ನು ತಿದ್ದಿದೆವು. ಕಲ್ಲಚ್ಚಿನಲ್ಲಾಗಿದ್ದರೆ ಆಗುತ್ತಿರಲಿಲ್ಲ.

ಇಷ್ಟು ಬರೆದುದರ ಉದ್ದೇಶ ಬರಿಯ ಚರಿತ್ರೆಯಲ್ಲ. ಯಾವ ಯಂತ್ರ ಬಂದಾಗಲೂ ಅದು ಕನ್ನಡ ಕಲಿತೇ ಬಂದದ್ದಿಲ್ಲ. ಯಾರೋ ಕೂತು ಕಲಿಸಿದರು, ಆಮೇಲೆ ಬಂತು. ಈಗ ಕಲಿಸುವುದರ ಹೆಚ್ಚಿನ ಭಾಗ ಮುಗಿದಿದೆ. ಉಳಿದಿರುವುದು ನಮ್ಮ ಪಾಲಿನ ಕೆಲಸ. ಮುಂದೆ ಪ್ರತಿ ಸಂಚಿಕೆಯನ್ನೂ ಮೂರು ರೂಪದಲ್ಲಿ ಕಾಯ್ದಿಡುವುದೆಂದು ನಾವು ನಿಶ್ಚಯಿಸಿದ್ದೇವೆ: ಅಚ್ಚಾದ ಪುಟದ ನೋಟ ಉಳಿಯಲು ಪಿ.ಡಿ.ಎಫ್., ಅಕ್ಷರ ಉಳಿಯಲು ಯೂನಿಕೋಡ್ ಪಠ್ಯ, ಓದಲು ಫಾಂಟ್ ಸಹಿತವಾದ ಇಪಬ್. ಹಳೆಯ ಸಂಚಿಕೆಗಳ ಕೆಲಸ ದೊಡ್ಡದು. ಪರಿವರ್ತಕ ಯಂತ್ರದ್ದಾದರೂ ಕರಡು ತಿದ್ದುವ ಕಣ್ಣು ಮನುಷ್ಯರದೇ ಆಗಬೇಕು.

ಆದಕಾರಣ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ: ತಮ್ಮ ಮನೆಯಲ್ಲಿ ಹಳೆಯ ಸಂಚಿಕೆಗಳಿದ್ದರೆ ರದ್ದಿಯವನಿಗೆ ಹಾಕುವ ಮೊದಲು ನಮಗೆ ತಿಳಿಸಬೇಕು. ಭಾನುವಾರ ಎರಡು ಗಂಟೆ ಬಿಡುವುಳ್ಳ, ಕನ್ನಡ ಚೆನ್ನಾಗಿ ಓದಬಲ್ಲ ಹಿರಿಯರು ಸಂಘಕ್ಕೆ ಬರಬೇಕು. ಗಣಕ ಬಲ್ಲ ಮಕ್ಕಳನ್ನು ಜತೆಗೆ ಕರೆತರಬೇಕು. ಒಬ್ಬರಿಗೆ ಅಕ್ಷರ ಗೊತ್ತು, ಇನ್ನೊಬ್ಬರಿಗೆ ಯಂತ್ರ ಗೊತ್ತು. ಇಬ್ಬರೂ ಒಂದು ಮೇಜಿನ ಎದುರು ಕೂತರೆ ಕೆಲಸ ಮುಂದಕ್ಕೆ ಹೋಗುತ್ತದೆ. ಮೇಜಿನ ಮೇಲೆ ಚಹಾ ನಮ್ಮದು.